ಕೇರ್‌ಟೇಕರ್‌ಗೆ ಟ್ರೈನಿಂಗ್ ಹೇಗೆ?

ಹಾಸನದ_ಮಗಳು: ಅಮ್ಮಂಗೆ ಸ್ಟ್ರೋಕ್ ಆಗಿ ಎಡಗೈ ವೀಕು, ನೋಡ್ಕೊಳ್ಳೋಕೆ ಒಬ್ರು ಬರ್ತಾರೆ, ತುಂಬಾ ಒಳ್ಳೆಯವ್ರು ಆದ್ರೆ ತಿನ್ಸೋದು ಬಟ್ಟೆ ಹಾಕೋದು ಎಲ್ಲಾ ಅವ್ರೇ ಮಾಡ್ತಾರೆ, ಅಮ್ಮ ಕೈಲಾಗೋದನ್ನೂ ಬಿಟ್ಬಿಟ್ಟಿದಾರೆ. ಏನು ಹೇಳ್ಕೊಡ್ಲಿ?

ಫಿಸಿಯೋ_ಮೈಸೂರು: ರವಿಕೆ ಹಾಕುವಾಗ ವೀಕಾಗಿರೋ ಕೈ ಮೊದ್ಲು, ಬಿಚ್ಚುವಾಗ ಚೆನ್ನಾಗಿರೋ ಕೈ ಮೊದ್ಲು, ಅಮ್ಮನೇ ಮಾಡ್ಲಿ ಅವ್ರು ಪಕ್ಕದಲ್ಲಿದ್ರೆ ಸಾಕು. ಏಳ್ಸುವಾಗ ಕಂಕುಳಿಗೆ ಕೈ ಹಾಕಿ ಎಳೀಲೇಬಾರ್ದು, ಭುಜಕ್ಕೆ ಪೆಟ್ಟಾಗತ್ತೆ. ಪಾದ ಹಿಂದಕ್ಕಿಟ್ಟು ಮುಂದೆ ಬಾಗಿ ಏಳೋದು ಕಲಿಸಿ. ಕೋಲು ಬಲಗೈಲಿ.

ಗಿರಿಜಾ_ಆಂಟಿ: ನೋಡಮ್ಮ, ಬೇಗ ಮುಗ್ಸು ಅಂತ ಮನೆಯವ್ರೇ ಅವಸರ ಮಾಡಿದ್ರೆ ಆ ಹುಡುಗಿ ಇನ್ನೇನ್ ಮಾಡ್ತಾಳೆ, ತಿಂಡಿಗೆ ಅರ್ಧ ಗಂಟೆ ಜಾಸ್ತಿ ಹಿಡೀಲಿ ಬಿಡು.

ಹಾಸನದ_ಮಗಳು: ಥ್ಯಾಂಕ್ಸ್ ಇಬ್ರಿಗೂ, ನಾಳೆ ರವಿಕೆಯಿಂದ್ಲೇ ಶುರು ಮಾಡ್ತೀವಿ.