ರೆಪ್ಪೆ ಇಳಿದಿದೆ: ಚರ್ಮ ತೆಗೆಸೋದಾ, ಸ್ನಾಯು ಬಿಗಿಸೋದಾ?

ಮಲೆನಾಡಿಗ: ಅರವತ್ತು ದಾಟಿದ ಒಬ್ಬರಿಗೆ ಎಡ ಮೇಲ್ರೆಪ್ಪೆ ಇಳಿದಿದೆ. ಒಬ್ಬ ಡಾಕ್ಟರು ಬ್ಲೆಫರೋಪ್ಲಾಸ್ಟಿ ಅಂತಾರೆ, ಇನ್ನೊಬ್ಬರು ಟೋಸಿಸ್ ಆಪರೇಷನ್. ಎರಡೂ ಒಂದೇನಾ? ಬಲಗಣ್ಣು ಸರಿಯಾಗೇ ಇದೆ, ಅದನ್ನೂ ಮುಟ್ಟಿಸಬೇಕಾ?

ರೆಪ್ಪೆಗೂದಲು: ಒಂದೇ ಅಲ್ಲ. ಬ್ಲೆಫರೋಪ್ಲಾಸ್ಟಿಯಲ್ಲಿ ತೆಗೆಯೋದು ಜೋತ ಚರ್ಮ, ಬೇಕಿದ್ದರೆ ಚೂರು ಕೊಬ್ಬು. ಟೋಸಿಸ್‌ನಲ್ಲಿ ಇಳಿದಿರೋದು ರೆಪ್ಪೆಯ ಅಂಚು. ವಯಸ್ಸಾದವರಲ್ಲಿ ಸಾಮಾನ್ಯವಾಗಿ ಅದನ್ನು ಎತ್ತೋ ಲಿವೇಟರ್ ಸ್ನಾಯುವಿನ ತುದಿ ಸಡಿಲಾಗಿರುತ್ತೆ. ಆಗ ಎಷ್ಟು ಚರ್ಮ ಕತ್ತರಿಸಿದರೂ ಅಂಚು ಮೇಲೇಳಲ್ಲ, ದುಡ್ಡು ದಂಡ. ಟಾರ್ಚ್ ಬಿಟ್ಟು, ಪಾಪೆ ಮೇಲೆ ಹೊಳೆಯೋ ಚುಕ್ಕಿಯಿಂದ ಮೇಲ್ರೆಪ್ಪೆ ಅಂಚಿನ ತನಕ ಅಳೀತಾರೆ, 4–5 ಮಿ.ಮೀ. ಸಹಜ. ಆಮೇಲೆ ಹುಬ್ಬನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಪೂರ್ತಿ ಕೆಳಗೆ, ಪೂರ್ತಿ ಮೇಲೆ ನೋಡಿಸಿ, ರೆಪ್ಪೆ ಎಷ್ಟು ಓಡುತ್ತೆ ಅಂತ ಸ್ಕೇಲಿಟ್ಟು ನೋಡ್ತಾರೆ. 12 ಮಿ.ಮೀ. ಮೇಲಿದ್ದರೆ ಸ್ನಾಯುವಿಗೆ ಕಸುವಿದೆ, ಬಿಗಿಸಿದರೆ ಸಾಕು. 4ಕ್ಕಿಂತ ಕಮ್ಮಿ ಇದ್ದರೆ ಸಾಮಾನ್ಯವಾಗಿ ಹಣೆಯ ಸ್ನಾಯುವಿಗೆ ರೆಪ್ಪೆಯನ್ನು ತೂಗುಹಾಕೋ ಸ್ಲಿಂಗ್ ಆಪರೇಷನ್. ಈ ಎರಡು ಅಳತೆ ಬರೆದುಕೊಡದವರ ಹತ್ತಿರ ಡೇಟ್ ತಗೋಬೇಡಿ.

ಗಡಿನಾಡು: ಬಲಗಣ್ಣಿನ ಬಗ್ಗೆ. ಎರಡೂ ರೆಪ್ಪೆಗೆ ಮೆದುಳಿಂದ ಬರೋ ಆಜ್ಞೆ ಒಂದೇ. ಎಡದ್ದು ಏಳಲಿ ಅಂತ ಜಾಸ್ತಿ ಬಲ ಹಾಕಿದಾಗ ಬಲದ್ದೂ ಮೇಲೇರಿ ಕೂತಿರುತ್ತೆ. ಎಡ ರೆಪ್ಪೆಯನ್ನು ಬೆರಳಲ್ಲಿ ಎತ್ತಿ ಹಿಡಿದು ಬಲಗಣ್ಣನ್ನೇ ನೋಡ್ತಿರಿ. ಅದು ಜಾರಿತೋ, ಎಡದ್ದು ಮಾಡಿದ ಮೇಲೆ ಬಲದ್ದು ಇಳಿಯೋ ಸಾಧ್ಯತೆ ಇದೆ. ಇದನ್ನು ಮೊದಲೇ ಮಾತಾಡಿಕೊಳ್ಳಿ.

ಜೊತೆಗೆ ಚರ್ಮವೂ ತೆಗೀತಾರಾದರೆ ಹುಬ್ಬಿಂದ ರೆಪ್ಪೆಗೂದಲಿನ ತನಕ ಸುಮಾರು 20 ಮಿ.ಮೀ. ಉಳೀಬೇಕು. ಆಸೆಬಿದ್ದು ಜಾಸ್ತಿ ಕತ್ತರಿಸಿದರೆ ನಿದ್ದೆಯಲ್ಲೂ ಕಣ್ಣು ಮುಚ್ಚಲ್ಲ, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪರದೆ) ಒಣಗಿ ಹುಣ್ಣಾಗಬಹುದು. ಆಪರೇಷನ್ ಲೋಕಲ್ ಅನಸ್ತೇಷಿಯಾದಲ್ಲೇ ಒಳ್ಳೇದು: ಹೊಲಿಗೆ ಬಿಗಿಸೋ ಮುಂಚೆ ಎಬ್ಬಿಸಿ ಕೂರಿಸಿ, ಕಣ್ಣು ಬಿಡಿಸಿ ಎತ್ತರ ನೋಡಬಹುದು.

ಕಾಡಿಗೆ: ಅದಕ್ಕೂ ಮೊದಲು ಒಂದು ಪ್ರಶ್ನೆ. ಬೆಳಿಗ್ಗೆ ಚೆನ್ನಾಗಿದ್ದು ಸಂಜೆ ಹೊತ್ತಿಗೆ ಇಳಿಯುತ್ತಾ? ಮಯಸ್ತೇನಿಯಾ, ಅಂದರೆ ಸ್ನಾಯುಗಳು ಬೇಗ ದಣಿಯೋ ಕಾಯಿಲೆ, ಇರಬಹುದು. ಬಟ್ಟೆಯಲ್ಲಿ ಐಸ್ ಸುತ್ತಿ, ಮುಚ್ಚಿದ ರೆಪ್ಪೆ ಮೇಲೆ 2 ನಿಮಿಷ ಇಟ್ಟು ತೆಗೆದಾಗ 2 ಮಿ.ಮೀ. ಮೇಲೆದ್ದರೆ ಮೊದಲು ನರರೋಗ ತಜ್ಞರ ಹತ್ತಿರ ಹೋಗಿ. ಇದ್ದಕ್ಕಿದ್ದಂತೆ ಇಳಿದು, ಪಾಪೆ ಹಿಗ್ಗಿ, ಎರಡೆರಡು ಕಂಡರೆ ಅವತ್ತೇ ಎಮರ್ಜೆನ್ಸಿಗೆ.

ರಕ್ತ ಹೆಪ್ಪುಗಟ್ಟದಂತೆ ಕೊಡೋ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ತಗೊಳ್ತಿದ್ದರೆ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಹೊಲಿಗೆ 5–7 ದಿನಕ್ಕೆ ಬಿಚ್ಚುತ್ತಾರೆ. ಊತ, ರಕ್ತ ಕಂದಿದ ಕಲೆ ಎರಡು ವಾರ ಇದ್ದದ್ದೇ. ಆದರೆ ಆಪರೇಷನ್ ಆದ ರಾತ್ರಿ ಕಣ್ಣುಗುಡ್ಡೆ ಮುಂದೆ ಬಂದ ಹಾಗಾಗಿ, ಸಿಡಿಯೋ ನೋವಿದ್ದು, ದೃಷ್ಟಿ ಮಂಜಾದರೆ ಕಣ್ಣುಗುಡ್ಡೆ ಹಿಂದೆ ರಕ್ತ ತುಂಬ್ತಿರಬಹುದು ಅಂತ. ಪಟ್ಟಿ ತೆಗೆದು ತಕ್ಷಣ ಆಸ್ಪತ್ರೆಗೆ ಓಡಿ, ಬೆಳಗಾಗಲಿ ಅನ್ನಬೇಡಿ.