ನಿನ್ನೆಯ ಟೈಮ್ ಟ್ರಯಲ್ ನೋಡಿ ಖುಷಿ ಪಡಬೇಕಾ, ಅನುಮಾನ ಪಡಬೇಕಾ?

ಹಳದಿ ಜೆರ್ಸಿ (ಬುಧವಾರ, 19 ಜುಲೈ 2023, ಬೆಳಿಗ್ಗೆ 6:10)

ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ, ಅದಕ್ಕೇ ಎದ್ದ ತಕ್ಷಣ ಬರೆಯುತ್ತಿದ್ದೇನೆ. ಟೂರ್ ದ ಫ್ರಾನ್ಸ್ ಸೈಕಲ್ ರೇಸಿನ 16ನೇ ಹಂತ ಎಲ್ಲರೂ ನೋಡಿರುತ್ತೀರಿ. ಪಾಸಿಯಿಂದ ಕೊಂಬ್ಲೂಗೆ 22.4 ಕಿ.ಮೀ. ಟೈಮ್ ಟ್ರಯಲ್, ಅಂದರೆ ಒಬ್ಬೊಬ್ಬರೇ ಹೊರಟು ಗಡಿಯಾರದ ಜೊತೆ ಓಡಿಸುವ ಹಂತ. ಅದಕ್ಕೂ ಮೊದಲು ಎರಡು ವಾರ ವಿಂಗೆಗಾರ್ಡ್ ಮತ್ತು ಪೊಗಾಚಾರ್ ಒಂದೊಂದು ಸೆಕೆಂಡಿಗೂ ಕಿತ್ತಾಡಿದ್ದರು, ಕೊನೆಗೆ ಮುಂದಿದ್ದ ವಿಂಗೆಗಾರ್ಡ್‌ಗೆ ಉಳಿದಿದ್ದ ಅಂತರ ಬರೀ 10 ಸೆಕೆಂಡ್. ನಿನ್ನೆ ಅವನ 32 ನಿಮಿಷ 36 ಸೆಕೆಂಡಿನ ಒಂದೇ ಸವಾರಿಯಲ್ಲಿ ಅದು 1 ನಿಮಿಷ 48 ಸೆಕೆಂಡ್ ಆಯಿತು.

ನಾನು ಊಟದ ತಟ್ಟೆ ಕೈಯಲ್ಲಿ ಹಿಡಿದುಕೊಂಡು ಟಿವಿ ಮುಂದೆ ನಿಂತೇ ಬಿಟ್ಟಿದ್ದೆ. ಸಾರು ತಣ್ಣಗಾಯಿತು. ಪೊಗಾಚಾರ್ ಕೆಟ್ಟದಾಗಿ ಓಡಿಸಿದ್ದರೆ ಇಷ್ಟು ಕಾಡುತ್ತಿರಲಿಲ್ಲ. ಮೂರನೆಯವನಾದ ವೌಟ್ ವಾನ್ ಆರ್ಟ್‌ಗಿಂತ ಅವನು 1 ನಿಮಿಷ 13 ಸೆಕೆಂಡ್ ಮುಂದೆ ಇದ್ದ. ಬೇರೆ ಯಾವ ದಿನ ಆಗಿದ್ದರೂ ಗೆಲ್ಲುವ ಸವಾರಿ ಅದು. ಅವನು ಹೊರಟ ಎರಡು ನಿಮಿಷದ ನಂತರ ಹೊರಟ ವಿಂಗೆಗಾರ್ಡ್ ಕೊನೆಯಲ್ಲಿ 22 ಸೆಕೆಂಡ್ ಹಿಂದೆ ಬಂದು ಮುಟ್ಟಿದ. ಇನ್ನು ಸ್ವಲ್ಪ ರಸ್ತೆ ಇದ್ದಿದ್ದರೆ ಹಿಡಿದೇ ಬಿಡುತ್ತಿದ್ದ.

ಇಲ್ಲಿ ನನ್ನ ಹಳೇ ಗಾಯ ಹೇಳಲೇಬೇಕು. ಕಾಲೇಜಿನಲ್ಲಿದ್ದಾಗ ನನ್ನ ಹಾಸ್ಟೆಲ್ ರೂಮಿನ ಗೋಡೆ ಮೇಲೆ ಇದ್ದದ್ದು ಒಂದೇ ಪೋಸ್ಟರ್, ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನದು. ಯಾರಾದರೂ ಅವನ ಬಗ್ಗೆ ಕೆಟ್ಟ ಮಾತಾಡಿದರೆ ನಾನು ಜಗಳಕ್ಕೇ ಹೋಗುತ್ತಿದ್ದೆ. 2006ರಲ್ಲಿ ಲ್ಯಾಂಡಿಸ್ ಮೋರ್ಜಿನ್‌ಗೆ ಒಬ್ಬನೇ ಓಡಿ ಬಂದ ದಿನ ಕಣ್ಣಲ್ಲಿ ನೀರು ಬಂದಿತ್ತು, ಕೆಲವೇ ದಿನದಲ್ಲಿ ಟೆಸ್ಟೋಸ್ಟೆರಾನ್ ಅನ್ನುವ ನಿಷೇಧಿತ ಮದ್ದಿನ ಟೆಸ್ಟ್‌ನಲ್ಲಿ ಸಿಕ್ಕಿಬಿದ್ದ ಸುದ್ದಿ ಬಂತು. 2012ರಲ್ಲಿ ನಿಷೇಧಿತ ಮದ್ದಿನ ಕಾರಣಕ್ಕೆ ಆರ್ಮ್‌ಸ್ಟ್ರಾಂಗ್‌ನ ಏಳೂ ಟೂರ್ ಗೆಲುವು ಹೋದಾಗ ಸ್ವಂತ ಅಣ್ಣ ಸುಳ್ಳು ಹೇಳಿದ ಹಾಗೆ ಅನ್ನಿಸಿತು. ಈಗ ಯಾರು ಚೆನ್ನಾಗಿ ಓಡಿಸಿದರೂ ಮೊದಲ ಒಂದು ನಿಮಿಷ ಖುಷಿ, ಎರಡನೇ ನಿಮಿಷಕ್ಕೆ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗೆ.

ಆಧಾರ ಇಲ್ಲದೆ ಒಬ್ಬ ಹುಡುಗನ ಮೇಲೆ ಕೆಸರು ಎರಚಲು ನನಗೆ ಇಷ್ಟ ಇಲ್ಲ. ಆದರೆ ಕೇಳದೆ ಇರಲೂ ಆಗುತ್ತಿಲ್ಲ. ಇಷ್ಟು ಅಂತರ ಶುದ್ಧವಾಗಿ ಬರುತ್ತದಾ? ನೀವೆಲ್ಲ ಹೇಗೆ ನೋಡುತ್ತೀರಿ?

ನಂದಿ ನಾಲ್ಕೂವರೆ (ಬೆಳಿಗ್ಗೆ 7:45)

ಅಣ್ಣ, ನಿನ್ನೆ ಇಬ್ಬರ ನಡುವೆ ಆದ 1 ನಿಮಿಷ 38 ಸೆಕೆಂಡ್ ಅನ್ನುವುದನ್ನು ಒಂದೇ ಗಂಟಾಗಿ ನೋಡಬೇಡಿ, ಬಿಚ್ಚಿ ನೋಡಿ. ಮೊದಲ ಚೆಕ್‌ನಲ್ಲಿ ಅಂತರ 16 ಸೆಕೆಂಡ್. ದೊಮಾನ್ಸಿ ಏರು ಶುರುವಾಗುವ ಹೊತ್ತಿಗೆ ಸುಮಾರು ಅರ್ಧ ನಿಮಿಷ. ಅಲ್ಲಿ ಪೊಗಾಚಾರ್ ಟಿಟಿ (ಟೈಮ್ ಟ್ರಯಲ್) ಬೈಕ್ ಬಿಟ್ಟು ರೋಡ್ ಬೈಕ್ ಹತ್ತಿದ, ವಿಂಗೆಗಾರ್ಡ್ ಟಿಟಿ ಬೈಕಿನಲ್ಲೇ ಮೇಲೆ ಹೋದ. ಬೈಕ್ ಬದಲಿಸುವುದು ಸಣ್ಣ ಕೆಲಸ ಅಲ್ಲ. ವೇಗ ಪೂರ್ತಿ ಸೊನ್ನೆಗೆ ಇಳಿಯುತ್ತದೆ, ಇಳಿದು ಇನ್ನೊಂದಕ್ಕೆ ಕಾಲು ಹಾಕಬೇಕು, ಶೂ ಪೆಡಲಿಗೆ ಸಿಕ್ಕಿಸಬೇಕು, ಆಮೇಲೆ ನಿಂತ ಜಾಗದಿಂದ ಮತ್ತೆ ಉಸಿರಿನ ಲಯ ಹಿಡಿಯಬೇಕು. ದೊಮಾನ್ಸಿ 2.5 ಕಿ.ಮೀ., ಸರಾಸರಿ 9.4%, ಅಲ್ಲಿ ಹಗುರ ಬೈಕಿಗೆ ಲಾಭ ಇದೆ, ಒಪ್ಪುತ್ತೇನೆ. ಆದರೆ ಅದು ಮುಗಿದ ಮೇಲೂ ಗೆರೆಗೆ ಮೂರು ಕಿ.ಮೀ.ಗಿಂತ ಜಾಸ್ತಿ ಇತ್ತು. ಅಲ್ಲಿ ಅಷ್ಟು ಕಡಿದಾದ ಏರಿಲ್ಲ, ಹ್ಯಾಂಡಲ್ ಮೇಲೆ ಮಲಗಿ ಗಾಳಿ ಸೀಳಿದವನಿಗೇ ಲಾಭ.

ಇನ್ನೊಂದು. ಪೊಗಾಚಾರ್ ಏಪ್ರಿಲ್‌ನಲ್ಲಿ ಲಿಯೇಜ್ ರೇಸಿನಲ್ಲಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದುಕೊಂಡಿದ್ದ. ತಯಾರಿ ಅರ್ಧಂಬರ್ಧ. ಮೂರನೇ ವಾರಕ್ಕೆ ಅದು ಕಾಣುವುದು ಸಹಜ. ಹಾಗಾಗಿ ಒಬ್ಬ ಹಾರಿದ ಅನ್ನುವಾಗ ಇನ್ನೊಬ್ಬ ಎಷ್ಟು ಇಳಿದಿದ್ದ ಅಂತಲೂ ನೋಡಬೇಕು.

ವಾಟ್ ಲೆಕ್ಕ, ಅಂದರೆ ತುಳಿಯುವ ಶಕ್ತಿಯ ಲೆಕ್ಕ ಹಾಕಿ ಕಳ್ಳ ಅನ್ನುವವರಿಗೆ ಒಂದು ಮಾತು. ನನ್ನ ಬೈಕಿನಲ್ಲಿ ಪವರ್ ಮೀಟರ್ ಇದೆ. ನಂದಿ ಬೆಟ್ಟವನ್ನು ಒಂದೇ ವಾರದಲ್ಲಿ ಎರಡು ಸಲ ಹತ್ತಿದೆ, ಎರಡೂ ಸಲ ಸರಾಸರಿ ಪವರ್ ಹೆಚ್ಚುಕಮ್ಮಿ ಒಂದೇ, ಸಮಯದಲ್ಲಿ 40 ಸೆಕೆಂಡ್ ವ್ಯತ್ಯಾಸ. ಕೊನೆಯ ತಿರುವುಗಳಲ್ಲಿ ಗಾಳಿ ಎದುರಿನಿಂದ ಬಂತು, ಅಷ್ಟೇ. ಅವನ ತೂಕ ಗೊತ್ತಿಲ್ಲದೆ, ಗಾಳಿ ಗೊತ್ತಿಲ್ಲದೆ, ಟಿವಿ ನೋಡಿ ವಾಟ್ ಹೇಳುವವರನ್ನು ನಾನು ನಂಬುವುದಿಲ್ಲ.

ಹಳೇ ಚೈನು (ಬೆಳಿಗ್ಗೆ 9:20)

ನಂದಿ, ನೀವು ಹೇಳಿದ್ದು ಸರಿ, ಆದರೆ ಪೂರ್ತಿ ಸರಿ ಅಲ್ಲ. ಬೈಕ್ ಬದಲಿಸುವ ಮೊದಲೇ ಅರ್ಧ ನಿಮಿಷ ಹೋಗಿತ್ತು ಅಂತ ನೀವೇ ಬರೆದಿದ್ದೀರಿ. ಅಲ್ಲಿಯವರೆಗೆ ಇಬ್ಬರ ಹತ್ತಿರವೂ ಟಿಟಿ ಬೈಕೇ ಇತ್ತಲ್ಲ. ದಣಿವು ಅಂದರೆ, ದಣಿದವನು ಉಳಿದ ಎಲ್ಲರನ್ನೂ ಒಂದು ನಿಮಿಷಕ್ಕಿಂತ ಜಾಸ್ತಿ ಅಂತರದಲ್ಲಿ ಹಿಂದೆ ಹಾಕಿದ್ದಾನೆ. ವಾನ್ ಆರ್ಟ್ ದಪ್ಪ ಮೈಯವನು, ಏರಿನಲ್ಲಿ ಅವನಿಗೆ ಕಷ್ಟ, ಅದೂ ಗೊತ್ತು. ಆದರೂ ಟೈಮ್ ಟ್ರಯಲ್ ಅಂದರೆ ಜೀವ ಅನ್ನುವ ಆ ವಾನ್ ಆರ್ಟ್ ತಾನೇ, ಸಾಮಾನ್ಯ ಮನುಷ್ಯರಲ್ಲಿ ನಾನೇ ಮೊದಲನೆಯವನು ಅನ್ನುವ ಅರ್ಥದಲ್ಲಿ ಮಾತಾಡಿದ. ಅದೂ ವಿಂಗೆಗಾರ್ಡ್‌ನ ಸ್ವಂತ ತಂಡದವನು.

ನಾನು 1996ರಿಂದ ಈ ರೇಸ್ ಹಿಂದೆ ಬಿದ್ದವನು. ಆ ವರ್ಷ ಗೆದ್ದವನು ವಿಂಗೆಗಾರ್ಡ್ ಹಾಗೆಯೇ ಡೆನ್ಮಾರ್ಕಿನವನಾದ ಬಿಯಾರ್ನೆ ರೀಸ್. ಹನ್ನೊಂದು ವರ್ಷ ಆದಮೇಲೆ, 2007ರಲ್ಲಿ, ಇಪಿಒ, ಅಂದರೆ ಕೆಂಪು ರಕ್ತಕಣ ಹೆಚ್ಚಿಸುವ ನಿಷೇಧಿತ ಮದ್ದು, ತೆಗೆದುಕೊಂಡಿದ್ದೆ ಅಂತ ಒಪ್ಪಿಕೊಂಡ. ಅದೇ 2007ರ ಟೂರ್‌ನಲ್ಲಿ ಒಟ್ಟು ಸಮಯದಲ್ಲಿ ಮುಂದಿರುವವನು ಹಾಕುವ ಹಳದಿ ಜೆರ್ಸಿಯಲ್ಲಿದ್ದ ರಾಸ್ಮುಸೆನ್, ಅವನೂ ಡೆನ್ಮಾರ್ಕಿನವನೇ, ಒಬಿಸ್ಕ್ ಘಾಟಿಯಲ್ಲಿ 16ನೇ ಹಂತ ಗೆದ್ದ ರಾತ್ರಿಯೇ ಅವನ ತಂಡ ಮನೆಗೆ ಕಳಿಸಿತು. ತರಬೇತಿ ಎಲ್ಲಿ ಮಾಡುತ್ತಿದ್ದೆ ಅನ್ನುವ ಬಗ್ಗೆ ಸುಳ್ಳು ಹೇಳಿದ್ದ. ಆ ತಂಡ ರಾಬೊಬ್ಯಾಂಕ್. ವಿಂಗೆಗಾರ್ಡ್‌ನ ಯುಂಬೊ-ವಿಸ್ಮಾ ಅದೇ ಬೇರಿನಿಂದ ಬಂದ ತಂಡ. ಇದರಿಂದ ವಿಂಗೆಗಾರ್ಡ್ ತಪ್ಪು ಮಾಡಿದ ಅಂತ ನಾನು ಹೇಳುತ್ತಿಲ್ಲ, ಅವನು ಆಗ ಹತ್ತು ವರ್ಷದ ಹುಡುಗ. ಆದರೆ ನಿನ್ನೆ ಆ ಹಳದಿ ಬಟ್ಟೆ ತಿರುವಿನಲ್ಲಿ ವಾಲಿಕೊಂಡು ಹೋಗುವಾಗ ನನಗೆ ಒಬಿಸ್ಕ್ ನೆನಪಾಯಿತು, ಏನು ಮಾಡಲಿ.

ಟೆಸ್ಟ್ ಪಾಸ್ ಆಗಿದ್ದಾನೆ ಅಂತ ಮಾತ್ರ ಯಾರೂ ಹೇಳಬೇಡಿ. ಆರ್ಮ್‌ಸ್ಟ್ರಾಂಗ್ ವರ್ಷಗಟ್ಟಲೆ ಅದನ್ನೇ ಹೇಳುತ್ತಿದ್ದ.

ಲ್ಯಾಬಿನಿಂದ (ಮಧ್ಯಾಹ್ನ 1:05)

ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಕ್ರೀಡಾ ಲ್ಯಾಬ್ ಅಲ್ಲ, ಆದರೆ ಇದನ್ನು ಓದಿಕೊಂಡಿದ್ದೇನೆ. ಹಳೇ ಚೈನು ಅವರೇ, ಆರ್ಮ್‌ಸ್ಟ್ರಾಂಗ್ ಕಾಲದ ಟೆಸ್ಟ್ ಬೇರೆ, ಈಗಿನದು ಬೇರೆ. 1999ರಲ್ಲಿ ಇಪಿಒ ಹಿಡಿಯುವ ಟೆಸ್ಟೇ ಇರಲಿಲ್ಲ. ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣದ ಪಾಲು, ಶೇಕಡಾ 50ರ ಮೇಲೆ ಹೋದರೆ ಮನೆಗೆ, ಅಷ್ಟೇ ನಿಯಮ. ಇಟಲಿಯ ಸವಾರ ಪಂತಾನಿಯನ್ನು ಆ ವರ್ಷ ಅಲ್ಲಿನ ಜೀರೊ ಅನ್ನುವ ರೇಸಿನಿಂದ ಹೊರಗೆ ಹಾಕಿದ್ದು ಹಾಗೆಯೇ. ಅಂದರೆ 49ರಲ್ಲಿ ಇರುವವನು ಆರಾಮಾಗಿ ಓಡಿಸಬಹುದಿತ್ತು.

2008ರಿಂದ ಬಯಾಲಾಜಿಕಲ್ ಪಾಸ್‌ಪೋರ್ಟ್ ಇದೆ. ಅದರಲ್ಲಿ ಔಷಧಿಯನ್ನು ಹುಡುಕುವುದಿಲ್ಲ, ನಿಮ್ಮ ರಕ್ತವನ್ನು ನಿಮ್ಮದೇ ಹಳೇ ರಕ್ತದ ಜೊತೆ ಇಟ್ಟು ನೋಡುತ್ತಾರೆ. ಮುಖ್ಯವಾಗಿ ಎರಡು ಅಂಕಿ. ಒಂದು ಹಿಮೋಗ್ಲೋಬಿನ್, ಇನ್ನೊಂದು ರೆಟಿಕ್ಯುಲೋಸೈಟ್, ಅಂದರೆ ಈಗಷ್ಟೇ ಹುಟ್ಟಿದ ಎಳೇ ಕೆಂಪು ಕಣ. ಸ್ಲೈಡಿನಲ್ಲಿ ನೀಲಿ ಬಣ್ಣ ಹಾಕಿದರೆ ಒಳಗೆ ಸಣ್ಣ ಬಲೆಯ ಹಾಗೆ ಕಾಣುತ್ತದೆ, ನಾನು ದಿನಾ ನೋಡುತ್ತೇನೆ. ಇಪಿಒ ಹಾಕಿಕೊಂಡರೆ ಎಳೇ ಕಣ ಏರುತ್ತದೆ. ನಿಲ್ಲಿಸಿದರೆ ಅದು ಸಟ್ಟಂತ ಇಳಿಯುತ್ತದೆ, ಹಿಮೋಗ್ಲೋಬಿನ್ ಮಾತ್ರ ಮೇಲೆಯೇ ನಿಂತಿರುತ್ತದೆ. ಮೈ ತಾನಾಗಿ ಹಾಗೆ ನಡೆದುಕೊಳ್ಳುವುದು ಅಪರೂಪ.

ಮೂರು ವಾರದ ರೇಸಿನಲ್ಲಿ ಇನ್ನೊಂದು ಸಂಗತಿ ಇದೆ. ದಿನಾ ಅಷ್ಟು ತುಳಿದರೆ ರಕ್ತದ ನೀರಿನ ಅಂಶ ಜಾಸ್ತಿ ಆಗುತ್ತದೆ, ಹಾಗಾಗಿ ಹಿಮೋಗ್ಲೋಬಿನ್ ಅಂಕಿ ಸಾಮಾನ್ಯವಾಗಿ ಕೆಳಗೆ ಬರುತ್ತದೆ. ಮೂರನೇ ವಾರದಲ್ಲೂ ಅದು ಇಳಿಯದೆ ನಿಂತಿದ್ದರೆ ತಜ್ಞರು ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಅದಕ್ಕೇ ರಕ್ತ ತೆಗೆಯುವುದಕ್ಕೂ ಶಿಸ್ತು. ಓಡಿಸಿ ಬಂದವನಿಗೆ ಸ್ವಲ್ಪ ಹೊತ್ತು ಆಗಿರಬೇಕು, ಹತ್ತು ನಿಮಿಷ ಸುಮ್ನೆ ಕೂತಿರಬೇಕು, ಯಾಕೆಂದರೆ ನಿಂತವನ ರಕ್ತವೂ ಕೂತವನ ರಕ್ತವೂ ಒಂದೇ ಅಂಕಿ ಕೊಡುವುದಿಲ್ಲ.

ಇದರಲ್ಲಿ ತೂತು ಇಲ್ಲ ಅನ್ನುತ್ತಿಲ್ಲ. ಚಿಟಿಕೆ ಚಿಟಿಕೆ ಹಾಕಿಕೊಂಡರೆ ಹಿಡಿಯುವುದು ಕಷ್ಟ. ಆದರೆ ಸ್ಯಾಂಪಲ್ ಹತ್ತು ವರ್ಷ ಇಟ್ಟಿರಬಹುದು, ಹೊಸ ಟೆಸ್ಟ್ ಬಂದರೆ ಮತ್ತೆ ತೆಗೆದು ನೋಡಬಹುದು. ನಿನ್ನೆಯ ಬಾಟಲಿ 2033ರವರೆಗೂ ಮಾತಾಡಬಲ್ಲದು. ನನ್ನ ಮಟ್ಟಿಗೆ ಒಂದು ಸಂಜೆಯ ಗಡಿಯಾರಕ್ಕಿಂತ ಅದೇ ದೊಡ್ಡ ಸಾಕ್ಷಿ.

ಗೋಳಗುಮ್ಮಟ ಸವಾರ (ಮಧ್ಯಾಹ್ನ 3:30)

ಅಕ್ಕಾರ, ಭಾಳ ಚಲೋ ಬರೆದಿದ್ದೀರಿ. ನಾನು ವಿಜಯಪುರದವನು, ನಮ್ಮ ಕಡೆ ಸೈಕಲ್ ರೇಸ್ ಅಂದರೆ ಊರಿಗೆ ಊರೇ ರಸ್ತೆಗೆ ಬರುತ್ತದೆ. ನಾನೂ ಹುಡುಗನಾಗಿದ್ದಾಗ ಟೈಮ್ ಟ್ರಯಲ್ ಓಡಿಸಿದ್ದೇನೆ.

ಒಂದು ರೇಸಿನ ಹಿಂದಿನ ರಾತ್ರಿ ನಮ್ಮನ್ನೆಲ್ಲ ಒಂದು ಹಾಲ್‌ನಲ್ಲಿ ಮಲಗಿಸಿದ್ದರು. ಬೆಳಿಗ್ಗೆ ಮುಖ ತೊಳೆಯಲು ಹೋದೆ. ಬಚ್ಚಲ ಕಿಟಕಿ ಮೇಲೆ ಸಿರಿಂಜಿನ ಖಾಲಿ ಪ್ಲಾಸ್ಟಿಕ್ ಕವರ್, ಪಕ್ಕದಲ್ಲಿ ಕುತ್ತಿಗೆ ಮುರಿದ ಸಣ್ಣ ಗಾಜಿನ ಶೀಶೆ. ಹೆಸರು ಓದಲು ಆಗದ ಹಾಗೆ ಚೀಟಿ ಕೆರೆದಿದ್ದರು. ವಿಟಮಿನ್ನೋ, ನೋವಿನ ಇಂಜೆಕ್ಷನ್ನೋ, ಬೇರೆ ಏನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆ ದಿನ ಗೆದ್ದವನು ನನ್ನ ಜೊತೆಗೇ ತಯಾರಾದ ಗೆಳೆಯ. ಮಧ್ಯಾಹ್ನದೊಳಗೆ ಎಲ್ಲರ ಬಾಯಲ್ಲೂ ಅವನದೇ ಹೆಸರು. ಯಾರೂ ಟೆಸ್ಟ್ ಮಾಡಲಿಲ್ಲ, ಮಾಡುವವರು ಅಲ್ಲಿ ಬಂದಿರಲೇ ಇಲ್ಲ. ಮಾಡಿದ್ದರೆ ಅವನಿಗೆ ಹೇಳಿಕೊಳ್ಳಲು ಒಂದು ಕಾಗದವಾದರೂ ಇರುತ್ತಿತ್ತು. ಎರಡು ವರ್ಷ ಆ ಮಾತು ಕೇಳಿ ಕೇಳಿ ಅವನು ಸೈಕಲ್ ಬಿಟ್ಟ. ನಾನೂ ಅವತ್ತು ಅವನ ಪರವಾಗಿ ಬಾಯಿ ಬಿಡಲಿಲ್ಲ, ಅದು ಇನ್ನೂ ಚುಚ್ಚುತ್ತದೆ.

ಅದಕ್ಕೇ ಹೇಳುತ್ತೇನೆ, ಟೆಸ್ಟ್ ಜಾಸ್ತಿ ಮಾಡಿ, ರಾತ್ರಿ ಬಾಗಿಲು ಬಡಿದು ಮಾಡಿ, ನನಗೆ ಅದು ಬೇಕು. ಆದರೆ ಗಡಿಯಾರ ನೋಡಿ ಯಾರ ಹೆಸರೂ ಕೆಡಿಸಬೇಡಿ. 2020ರ ಟೂರ್‌ನಲ್ಲಿ ಪ್ಲಾಂಶ್ ದೆ ಬೆಲ್ ಫೀ ಏರಿನ ಟೈಮ್ ಟ್ರಯಲ್‌ನಲ್ಲಿ ಪೊಗಾಚಾರ್ ಎದುರಾಳಿ ರೋಗ್ಲಿಚ್‌ನನ್ನು 1 ನಿಮಿಷ 56 ಸೆಕೆಂಡಿನಿಂದ ಸೋಲಿಸಿದಾಗ ಇದೇ ಮಾತು ಅವನ ಮೇಲೆ ಬಂದಿತ್ತು. ನಿನ್ನೆ ಅವನೇ ಸೋತವನು, ಈಗ ಎಲ್ಲರಿಗೂ ಅವನ ಮೇಲೆ ಅಯ್ಯೋ ಪಾಪ.

ಹಳೇ ಚೈನು (ಮಧ್ಯಾಹ್ನ 4:15)

ಗುಮ್ಮಟದವರೇ, ನಿಮ್ಮ ಗೆಳೆಯನ ವಿಷಯ ಓದಿ ಬೇಜಾರಾಯಿತು. ನಾನು ಬರೆದಿದ್ದರಲ್ಲಿ ಡೆನ್ಮಾರ್ಕಿನವನು ಅನ್ನುವ ಸಾಲು ವಾಪಸ್ ತೆಗೆದುಕೊಳ್ಳುತ್ತೇನೆ, ಒಬ್ಬನ ಊರು ಅವನ ಮೇಲಿನ ಆರೋಪ ಆಗಬಾರದು. ತಂಡಗಳು ಸವಾರರ ಪವರ್ ಫೈಲ್, ಪಾಸ್‌ಪೋರ್ಟ್ ಅಂಕಿ ಹೊರಗೆ ಇಡಬೇಕು ಅನ್ನುವುದು ಮಾತ್ರ ಬಿಡುವುದಿಲ್ಲ. ಹಿಂದೆ ಆಗಿದ್ದನ್ನು ನೋಡಿದರೆ ಜನ ಅನುಮಾನ ಪಡುವುದು ಸರಿಯೇ ಅಂತ ವಿಂಗೆಗಾರ್ಡ್ ತಾನೇ ಈ ಟೂರ್‌ನಲ್ಲಿ ಹೇಳಿದ್ದಾನೆ. ಹಾಗಾದರೆ ಅಂಕಿ ಕೊಟ್ಟರೆ ಆಯಿತಲ್ಲ.

ಹಳದಿ ಜೆರ್ಸಿ (ರಾತ್ರಿ 11:40)

ಎಲ್ಲರಿಗೂ ಧನ್ಯವಾದ. ಈಗಷ್ಟೇ 17ನೇ ಹಂತ ನೋಡಿ ಮುಗಿಸಿದೆ. ನಂದಿ, ನೀವು ಬೆಳಿಗ್ಗೆ ದಣಿವಿನ ಬಗ್ಗೆ ಬರೆದಾಗ ನಾನು ಪೂರ್ತಿ ನಂಬಿರಲಿಲ್ಲ. ಇವತ್ತು ಕೋಲ್ ದ ಲಾ ಲೋಜ್ ಏರಿನಲ್ಲಿ ಪೊಗಾಚಾರ್‌ನ ಜಿಪ್ ಪೂರ್ತಿ ತೆರೆದಿತ್ತು, ಮುಖ ಬಿಳಚಿಕೊಂಡಿತ್ತು, ನಾನು ಮುಗಿದೆ ಅಂತ ರೇಡಿಯೋದಲ್ಲಿ ಅವನೇ ಹೇಳಿದ್ದು ಟಿವಿಯಲ್ಲಿ ಕೇಳಿಸಿತು. ಐದು ನಿಮಿಷಕ್ಕಿಂತ ಜಾಸ್ತಿ ಕಳೆದುಕೊಂಡ. ನಿನ್ನೆ ಅವನು ಇದ್ದದ್ದೆಲ್ಲ ಖಾಲಿ ಮಾಡಿದ್ದ ಅಂತ ಈಗ ಕಾಣುತ್ತಿದೆ.

ಕಲಸಿದ ಹಾಗಾಗುವುದು ಪೂರ್ತಿ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಲ್ಯಾಬಿನ ಅಕ್ಕ ಹೇಳಿದ ಆ ಬಾಟಲಿ ಫ್ರೀಜರಿನಲ್ಲಿ ಇದೆ ಅನ್ನುವುದು ಸ್ವಲ್ಪ ಸಮಾಧಾನ. ಆದರೆ ಏರಿನ ಕೊನೆಯಲ್ಲಿ ತಂಡದವನು ಪೊಗಾಚಾರ್‌ನ ಪಕ್ಕದಲ್ಲೇ ಉಳಿದು ಕರೆದುಕೊಂಡು ಹೋದಾಗ ನಾನು ಯಾವ ಅಂಕಿಯ ಬಗ್ಗೆಯೂ ಯೋಚಿಸಲಿಲ್ಲ, ಹುಡುಗ ಮೇಲೆ ಮುಟ್ಟಲಿ ಅಂತ ಮಾತ್ರ ಅನ್ನಿಸಿತು.

ಶನಿವಾರ ಬೆಲ್ಫೋರ್‌ನಿಂದ ಮಾರ್ಕ್‌ಸ್ಟೈನ್ ಹಂತ ಇದೆ. ಬೆಂಗಳೂರಿನಲ್ಲಿ ಇರುವವರು ನಮ್ಮ ಮನೆಗೆ ಬನ್ನಿ, ಟಿವಿ ದೊಡ್ಡದಿದೆ, ಚಿತ್ರಾನ್ನ ಮಾಡಿಸುತ್ತೇನೆ. ಗುಮ್ಮಟದವರೇ, ನಿಮ್ಮ ಗೆಳೆಯ ಈಗ ಎಲ್ಲಿದ್ದಾರೆ? ಅವರು ರೇಸ್ ನೋಡುತ್ತಾರಾ?

ಗೋಳಗುಮ್ಮಟ ಸವಾರ (ರಾತ್ರಿ 11:58)

ಪುಣೆಯಲ್ಲಿ ಇದ್ದಾನೆ. ನೋಡುತ್ತಾನೋ ಇಲ್ಲವೋ ಗೊತ್ತಿಲ್ಲ, ನಾಳೆ ಫೋನ್ ಮಾಡುತ್ತೇನೆ.