ಸರ್ವೆ ಕಲ್ಲು ಜರುಗಿದ್ದು ಇಂಡಿಯಾ ಜರುಗಿದ್ದಕ್ಕಾ?

ಚಿಂತಾಮಣಿ_ಟೊಮೆಟೊ: ಗುರೂ ಒಂದು ಡೌಟು. ನಮ್ಮ ಹೊಲದ ಮೂಲೆ ಸರ್ವೆ ಕಲ್ಲು ಅರ್ಧ ಅಡಿ ನಮ್ಮ ಕಡೆಗೇ ಬಂದ್ಬಿಟ್ಟಿದೆ, ಬುಡದಲ್ಲಿ ಹಸಿ ಮಣ್ಣು ಬೇರೆ. ಪಕ್ಕದ ಹೊಲದ ದೊಡ್ಡಪ್ಪನ ಮಗನ್ನ ಕೇಳಿದ್ರೆ ಇಂಡಿಯಾನೇ ವರ್ಷಕ್ಕೆ 5 ಸೆಂಟಿಮೀಟರ್ ಜರುಗ್ತಿದೆ, ಯೂಟ್ಯೂಬ್ ನೋಡು ಅಂತಾನೆ. ನಿಜಾನಾ?

ಕೆಜಿಎಫ್_ಹಳೇಹುಲಿ: ಜರುಗೋದು ನಿಜ ಕಣಪ್ಪ. ನಮ್ಮ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ, ಆವಾಗಿಂದ ಒಂದು ಮೀಟರ್ ಮೇಲೇನೇ ಈಶಾನ್ಯಕ್ಕೆ ಹೋಗಿದೀವಿ. ಜಿಪಿಎಸ್‌ನಲ್ಲೇ ಅಳೀತಾರೆ.

ಗೌರಿಬಿದನೂರು_ಸೀನ: ಬಿಡ್ರೀ ಸಾಕು. 250 ಕೋಟಿ ವರ್ಷದ ಬಂಡೆ ಮೇಲೆ ಕೂತಿದೀವಿ, ನಂದಿಬೆಟ್ಟ ಎಲ್ಲಿಗ್ರೀ ಹೋಗುತ್ತೆ? ಖಂಡಗಳು ಜರುಗ್ತವೆ ಅಂತ ಜರ್ಮನಿಯ ವಿಜ್ಞಾನಿ ವೆಗೆನರ್ 1912ರಲ್ಲಿ ಹೇಳ್ದಾಗ ದೊಡ್ಡ ದೊಡ್ಡ ವಿಜ್ಞಾನಿಗಳೇ ನಕ್ಕಿದ್ರು

ತುಮಕೂರು_ಮೇಷ್ಟ್ರು: ನಕ್ಕಿದ್ದು ಯಾಕೆ ಅಂದ್ರೆ ಖಂಡಾನ ತಳ್ಳೋ ಬಲ ಯಾವ್ದು ಅಂತ ವೆಗೆನರ್‌ಗೆ ಸರಿಯಾಗಿ ಹೇಳೋಕಾಗ್ಲಿಲ್ಲ ಅಷ್ಟೆ, 1960ರ ದಶಕದಲ್ಲಿ ಸಮುದ್ರದ ತಳದ ಬಿರುಕಲ್ಲಿ ಹೊಸ ನೆಲ ಹುಟ್ಟಿ ಎರಡೂ ಕಡೆ ಸರಿಯುತ್ತೆ ಅಂತ ಗೊತ್ತಾದ್ಮೇಲೆ ನಗು ನಿಂತೋಯ್ತು. ನಂದಿಬೆಟ್ಟ ಬೆಟ್ಟದ ಬುಡ ಸಮೇತ ಹೋಗುತ್ತೆ ಸೀನ. ಉಡುಪಿ ಹತ್ರ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದೀಯಾ? ಆ ಕಂಬ ಕಂಬದಂಗಿರೋ ಕಲ್ಲು ಮಡಗಾಸ್ಕರ್ ನಮ್ಮಿಂದ ಪಾಲಾಗಿ ಹೋಗೋ ಟೈಮಲ್ಲಿ ಉಕ್ಕಿದ್ದು, ಎಂಟೊಂಬತ್ತು ಕೋಟಿ ವರ್ಷದ ಹಿಂದೆ. ಆಮೇಲೆ ನಾವು ಈಗಿನ ಮೂರು ಪಟ್ಟು ಸ್ಪೀಡಲ್ಲಿ ಓಡಿ ಏಷ್ಯಾಗೆ ಗುದ್ದಿದ್ದು, ಹಿಮಾಲಯ ಎದ್ದಿದ್ದು.

ಗೌರಿಬಿದನೂರು_ಸೀನ: ಪಾಲಾಯ್ತು ಅಂದ್ರೆ ಅಲ್ಲೂ ದಾಯಾದಿ ಜಗಳ 😂

ಶಿಡ್ಲಘಟ್ಟ_ರೇಷ್ಮೆ: 2021 ಡಿಸೆಂಬರಲ್ಲಿ ಚಿಕ್ಕಬಳ್ಳಾಪುರ ಕಡೆ ನಡುಗ್ತಲ್ಲ, ನಮ್ಮಜ್ಜಿ ಪಾತ್ರೆ ಸ್ಟ್ಯಾಂಡ್ ಗಲಗಲ ಅಂತು, ಬೆಕ್ಕು ಅಂತ ಬೈದ್ರು. ಆವಾಗ ಕಲ್ಲು ಸರಿದಿರಬಹುದಾ?

ಕೆಜಿಎಫ್_ಹಳೇಹುಲಿ: ಅದು ತೀವ್ರತೆ 3ರ ಆಸುಪಾಸಿನ ಭೂಕಂಪ ಕಣಮ್ಮ, ಲೋಟ ಅಲ್ಲಾಡುತ್ತೆ, ಹೂತಿರೋ ಕಲ್ಲು ಮಿಸುಕಲ್ಲ. ಇಂಡಿಯಾನ ಹೊತ್ಕೊಂಡು ಜರುಗೋ ದೊಡ್ಡ ಬಂಡೆ ಹಾಳೆಗೆ ಪ್ಲೇಟ್ ಅಂತಾರೆ, ನಾವು ಅದರ ಅಂಚಲ್ಲಿಲ್ಲ, ಒಳಗಿದೀವಿ. ಹಂಗಂತ ಪೂರ್ತಿ ಸೇಫ್ ಅಂತಲ್ಲ, 1993ರ ಲಾತೂರು ಭೂಕಂಪದಲ್ಲಿ ಏನಾಯ್ತು ಗೊತ್ತಲ್ಲ.

ಚಿಂತಾಮಣಿ_ಟೊಮೆಟೊ: ಅಣ್ಣಾ ನನ್ನ ಕಲ್ಲಿನ ವಿಷ್ಯ

ತುಮಕೂರು_ಮೇಷ್ಟ್ರು: ನಿನ್ನ ಹೊಲ, ಅವನ ಹೊಲ, ಬದು, ಬೇವಿನ ಮರ, ಸರ್ವೆಯೋರು ಚೈನ್ ಹಿಡಿಯೋ ಪಕ್ಕದ ಕಲ್ಲು ಎಲ್ಲಾ ಒಂದೇ ಪ್ಲೇಟ್ ಮೇಲಿದೆ, ಒಟ್ಟಿಗೇ ಹೋಗುತ್ತೆ. ಒಂದು ಕಲ್ಲು ಮಾತ್ರ ಎದ್ದು ನಡೆಯಲ್ಲ. ಅದಿರ್ಲಿ, ಅವನ ಹೊಲದಿಂದ ನಿನ್ನ ಹೊಲ ಯಾವ ದಿಕ್ಕಿಗೆ?

ಚಿಂತಾಮಣಿ_ಟೊಮೆಟೊ: ನೈರುತ್ಯ

ತುಮಕೂರು_ಮೇಷ್ಟ್ರು: ಇಂಡಿಯಾ ಹೋಗ್ತಿರೋದು ಈಶಾನ್ಯಕ್ಕೆ. ಕಲ್ಲು ವಾಪಸ್ ಬರ್ತಿದೆ ನೋಡು 😄 ಅಳತೆಗೆ ಅರ್ಜಿ ಹಾಕು, ಹಸಿ ಮಣ್ಣಿನ ಫೋಟೋ ಇವತ್ತೇ ತೆಗೆದಿಟ್ಕೋ, ಮಳೆ ಬಂದ್ರೆ ಹೋಗುತ್ತೆ.